ಲಿಂಕ್ ಖಾಲಿ, ಆದರೂ ಸಾಲು: ಸಂಜೆ ಐದಕ್ಕೆ ನಿಧಾನವಾಗುವ ನೆಟ್‌ವರ್ಕ್‌ನ ದೋಷ ಹುಡುಕುವುದು

ಚಿಕ್ಕಮಗಳೂರಿನ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ ಜನವರಿಯಲ್ಲಿ ಕರೆ ಬಂತು. ರೊಬಸ್ಟಾ ಕೊಯ್ಲಿನ ಕಾಲ. ಮೂಡಿಗೆರೆ, ಆಲ್ದೂರು ಕಡೆಯಿಂದ ಒಂದರ ಹಿಂದೆ ಒಂದು ಗಾಡಿ ಬರುತ್ತಿದ್ದವು. ವೇ ಬ್ರಿಡ್ಜ್ ನೋಡಿಕೊಳ್ಳುವ ಹುಡುಗ ಹೇಳಿದ್ದು ಇಷ್ಟು: "ಅಣ್ಣಾ, ಬೆಳಿಗ್ಗೆಯಿಂದ ಚೆನ್ನಾಗೇ ಇರುತ್ತೆ. ಸಂಜೆ ಐದಾದ್ರೆ ಸಾಕು, ಚೀಟಿ ಬರೋಕೆ ಇಪ್ಪತ್ತು ಸೆಕೆಂಡ್. ಡ್ರೈವರ್‌ಗಳು ನನ್ನ ಮೇಲೆ ಕೂಗಾಡ್ತಾರೆ."

ಇಪ್ಪತ್ತು ಸೆಕೆಂಡ್ ಕೇಳಲು ಚಿಕ್ಕದು. ಆದರೆ ಒಂದು ಗಾಡಿಗೆ ಎರಡು ಸಲ ತೂಕ. ತುಂಬಿ ಬಂದಾಗ ಒಮ್ಮೆ, ಖಾಲಿಯಾಗಿ ಹೋಗುವಾಗ ಇನ್ನೊಮ್ಮೆ. ಬೆಳೆಗಾರರ ಹೆಸರು ಹುಡುಕಲು ಇಪ್ಪತ್ತು ಸೆಕೆಂಡ್, ಹಿಂದಿನ ಲೆಕ್ಕ ತೆರೆಯಲು ಇಪ್ಪತ್ತು, ಚೀಟಿ ಉಳಿಸಲು ಮತ್ತೆ ಇಪ್ಪತ್ತು. ಹತ್ತು ಗಾಡಿ ನಿಂತರೆ ಗೇಟಿನ ಹೊರಗೆ ರಸ್ತೆಯವರೆಗೂ ಸಾಲು.

ನನಗಿಂತ ಮೊದಲು ಬಂದವರು ಕೇಬಲ್ ಬದಲಿಸಿದ್ದರು. ಹೋಗಲಿಲ್ಲ. ಆಮೇಲೆ ಆಫೀಸಿನ ಸ್ವಿಚ್ಚನ್ನೇ (ಕಂಪ್ಯೂಟರುಗಳ ತಂತಿಗಳನ್ನೆಲ್ಲ ಕೂಡಿಸುವ ಪೆಟ್ಟಿಗೆ) ಹೊಸದು ಹಾಕಿದ್ದರು. ಆಗಲೂ ಹೋಗಲಿಲ್ಲ. ಕೊನೆಗೆ ಗ್ರಾಫ್ ನೋಡಿ, "ಲಿಂಕ್ ಬಳಕೆ ಶೇ. 12 ಮಾತ್ರ, ನೆಟ್‌ವರ್ಕ್ ಸರಿಯಿದೆ, ಸಾಫ್ಟ್‌ವೇರ್‌ನವರನ್ನು ಕೇಳಿ" ಎಂದು ಬರೆದುಕೊಟ್ಟು ಹೋಗಿದ್ದರು. ಆ ಶೇ. 12 ಸುಳ್ಳಲ್ಲ. ಆದರೆ ದೋಷ ನೆಟ್‌ವರ್ಕ್‌ನಲ್ಲೇ ಇತ್ತು. ಇಂಥದ್ದು ಚಿಕ್ಕ ಆಫೀಸುಗಳಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಜನ ಕಾರಣ ತಿಳಿಯದೆ ಸುಮ್ನೆ ದುಡ್ಡು ಸುರಿಯುತ್ತಾರೆ. ಅದಕ್ಕೇ ಹುಡುಕಿದ ದಾರಿಯನ್ನು ಪೂರ್ತಿ ಬರೆಯುತ್ತಿದ್ದೇನೆ.

ಏನೇನು ಎಲ್ಲಿತ್ತು

ಅಂಗಳದ ಪಕ್ಕ ಒಂದು ಕೋಣೆ. ಅಲ್ಲಿ 8 ಪೋರ್ಟಿನ ಗಿಗಾಬಿಟ್ ಸ್ವಿಚ್. ಅದಕ್ಕೆ ವೇ ಬ್ರಿಡ್ಜ್ ಕಂಪ್ಯೂಟರ್, ಸ್ಯಾಂಪಲ್ ನೋಡುವ ಲ್ಯಾಬ್‌ನ ಕಂಪ್ಯೂಟರ್, ಒಂದು ಐಪಿ ಫೋನ್. ಅಂಗಳದ ಆರು ಕ್ಯಾಮೆರಾಗಳೂ ಇನ್ನೊಂದು ಪುಟ್ಟ ಸ್ವಿಚ್ ಮೂಲಕ ಇದಕ್ಕೇ ಬರುತ್ತವೆ. ಇಲ್ಲಿಂದ ಆಫೀಸಿಗೆ ಒಂದು ಗಿಗಾಬಿಟ್ ಫೈಬರ್. ಆಫೀಸಿನಲ್ಲಿ 24 ಪೋರ್ಟಿನ ಸ್ವಿಚ್. ಅದರಲ್ಲಿ ಸರ್ವರ್, ಕ್ಯಾಮೆರಾ ರೆಕಾರ್ಡರ್, ರೈಟರುಗಳ ಕಂಪ್ಯೂಟರುಗಳು, ಮೂಲೆಯಲ್ಲಿ ಒಂದು ಹಳೆಯ ಬ್ಯಾಕಪ್ ಪೆಟ್ಟಿಗೆ. ಈ ಹಳೆಯ ಪೆಟ್ಟಿಗೆಯ ಪೋರ್ಟ್ 100 ಎಂಬಿಪಿಎಸ್‌ದು. ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಉಳಿದದ್ದೆಲ್ಲ ಗಿಗಾಬಿಟ್, ಅದರ ಹತ್ತು ಪಟ್ಟು.

ಚಿತ್ರ ಬರೆದುಕೊಳ್ಳದೆ ಶುರು ಮಾಡಬೇಡಿ. ಯಾವ ಪೋರ್ಟ್ ಯಾವ ವೇಗಕ್ಕೆ ಒಪ್ಪಿಕೊಂಡಿದೆ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಡಬ್ಬದ ಮೇಲೆ ಅಚ್ಚಾಗಿರುವುದು ಬೇಡ, ಸ್ವಿಚ್‌ನ ಸೆಟ್ಟಿಂಗ್ ಪುಟದಲ್ಲಿ ತೋರಿಸುವುದನ್ನೇ ಬರೆಯಿರಿ. ಈ ಕೆಲಸದಲ್ಲಿ ಆ ಒಂದು 100 ಎಂಬ ಅಂಕಿಯೇ ಮುಂದೆ ದಾರಿ ತೋರಿಸಿತು.

ಮೊದಲು ಕೇಬಲ್ಲೋ ಸಾಲೋ ನೋಡಿ

ಮಲೆನಾಡಿನಲ್ಲಿ ಕೇಬಲ್ ಮೇಲೆ ಅನುಮಾನ ಬರುವುದು ಸಹಜ. ಮಳೆಗಾಲದ ತೇವಕ್ಕೆ ಪಿನ್ ಹಸಿರುಗಟ್ಟುತ್ತದೆ, ಇಲಿ ಕಡಿಯುತ್ತದೆ. ಆದರೆ ಕೇಬಲ್ ದೋಷಕ್ಕೂ, ಪ್ಯಾಕೆಟ್‌ಗಳು (ದತ್ತಾಂಶದ ತುಂಡುಗಳು) ಕಾದು ನಿಲ್ಲುವ ಸಾಲಿನ ದೋಷಕ್ಕೂ ಲಕ್ಷಣ ಬೇರೆ. ಕೇಬಲ್ ಕೆಟ್ಟರೆ ಪೋರ್ಟ್‌ನ ಲೆಕ್ಕದಲ್ಲಿ ಸಿಆರ್‌ಸಿ ತಪ್ಪುಗಳು (ದಾರಿಯಲ್ಲಿ ಕೆಟ್ಟ ಪ್ಯಾಕೆಟ್‌ಗಳ ಎಣಿಕೆ) ಏರುತ್ತವೆ. ಅದಕ್ಕೆ ಗಂಟೆ ಗೊತ್ತಿಲ್ಲ. ಬೆಳಿಗ್ಗೆಯೂ ಏರುತ್ತವೆ, ಸಂಜೆಯೂ ಏರುತ್ತವೆ. ಸಾಲಿನ ದೋಷದಲ್ಲಿ ಸಿಆರ್‌ಸಿ ಸೊನ್ನೆಯಾಗಿಯೇ ಇರುತ್ತದೆ, ಬೇರೆ ಯಾರಾದರೂ ಜೋರಾಗಿ ಕಳಿಸುವಾಗ ಮಾತ್ರ ನಿಧಾನ. ಒಂದು ಕಡೆ ಫುಲ್ ಡ್ಯೂಪ್ಲೆಕ್ಸ್ (ಕಳಿಸುವುದು, ಪಡೆಯುವುದು ಒಟ್ಟಿಗೆ), ಇನ್ನೊಂದು ಕಡೆ ಹಾಫ್ (ಒಂದು ಸಲಕ್ಕೆ ಒಂದೇ) ಆಗಿದ್ದರೂ ಕೆಲಸದ ಹೊತ್ತಿನಲ್ಲಿ ನಿಧಾನವಾಗುತ್ತದೆ. ಆದರೆ ಅಲ್ಲಿ ಲೇಟ್ ಕೊಲಿಶನ್ (ತಡವಾಗಿ ಆದ ಡಿಕ್ಕಿ) ಲೆಕ್ಕ ಏರುತ್ತದೆ. ಅದನ್ನೂ ನೋಡಿ, ಬೇರೆ ಮಾಡಿಕೊಳ್ಳಿ.

ಇಲ್ಲಿ ಎಲ್ಲ ಪೋರ್ಟ್‌ಗಳಲ್ಲೂ ಸಿಆರ್‌ಸಿ ಸೊನ್ನೆ. ಕೊಲಿಶನ್ ಸೊನ್ನೆ. ಹೊಸ ಸ್ವಿಚ್‌ನಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳ ಲೆಕ್ಕವೂ ಸೊನ್ನೆ. ಆ ಕೊನೆಯ ಸೊನ್ನೆಯನ್ನು ನೋಡಿ ಸಮಾಧಾನ ಪಡಬೇಡಿ. ಒಂದು ತುದಿಯಲ್ಲಿ ಗಿಗಾಬಿಟ್ ಕಳಿಸುವವರು, ಇನ್ನೊಂದು ತುದಿಯಲ್ಲಿ 100 ಎಂಬಿಪಿಎಸ್ ತೆಗೆದುಕೊಳ್ಳುವವರು. ನಡುವೆ ಒಂದೂ ಬೀಳುವುದಿಲ್ಲ ಎಂದರೆ ಯಾರೋ ಕಳಿಸುವವರನ್ನು ತಡೆದು ನಿಲ್ಲಿಸುತ್ತಿದ್ದಾರೆ ಎಂದೇ ಅರ್ಥ.

ಗುಣಿಸಿ ನೋಡಿ

ನಾಲ್ಕೂವರೆಗೆ ವೇ ಬ್ರಿಡ್ಜ್ ಕಂಪ್ಯೂಟರ್‌ನಿಂದ ಸರ್ವರ್‌ಗೆ ಪಿಂಗ್ (ಹೋಗಿ ಬರುವ ಸಮಯ ಅಳೆಯುವ ಪುಟ್ಟ ಸಂದೇಶ) ಬಿಟ್ಟು ಕುಳಿತೆ. ಅರ್ಧ ಮಿಲಿಸೆಕೆಂಡ್ ಆಸುಪಾಸು. ಐದು ಗಂಟೆ ಹೊಡೆಯಿತು. 31, 34, 33, 35 ಮಿಲಿಸೆಕೆಂಡ್. ಒಂದೂ ತಪ್ಪಲಿಲ್ಲ, ಎಲ್ಲ ಉತ್ತರವೂ ಬಂತು, ತಡವಾಗಿ ಮಾತ್ರ. ಆಫೀಸಿನ ಒಂದು ಕಂಪ್ಯೂಟರ್‌ನಿಂದ ಅದೇ ಸರ್ವರ್‌ಗೆ ಪಿಂಗ್ ಬಿಟ್ಟರೆ ಅರ್ಧ ಮಿಲಿಸೆಕೆಂಡೇ. ಅಂದರೆ ಸರ್ವರ್ ಸರಿಯಿದೆ. ಸಾಲು ನಿಂತಿರುವುದು ಅಂಗಳದ ಸ್ವಿಚ್‌ನಿಂದ ಆಫೀಸಿಗೆ ಹೋಗುವ ದಾರಿಯಲ್ಲಿ.

34 ಮಿಲಿಸೆಕೆಂಡ್ ಎಂದರೆ ಕಣ್ಣು ರೆಪ್ಪೆ ಬಡಿಯುವಷ್ಟೂ ಅಲ್ಲ, ಇದರಿಂದ ಇಪ್ಪತ್ತು ಸೆಕೆಂಡ್ ಹೇಗೆ ಎಂದು ಅಲ್ಲಿನ ಮ್ಯಾನೇಜರ್ ಕೇಳಿದರು. ಸರಿಯಾದ ಪ್ರಶ್ನೆ. ಪ್ಯಾಕೆಟ್‌ಗಳನ್ನು ಹಿಡಿದು ಎಣಿಸಿದೆ. ಅವರ ತೂಕದ ತಂತ್ರಾಂಶ ಹಳೆಯದು. ಒಂದು ಚೀಟಿ ಉಳಿಸಲು ಸರ್ವರ್ ಜೊತೆ ಸುಮಾರು 600 ಸಲ ಹೋಗಿ ಬಂದು ಮಾಡುತ್ತದೆ, ಒಂದಕ್ಕೆ ಉತ್ತರ ಬಂದ ಮೇಲೇ ಮುಂದಿನದು. ಅರ್ಧ ಮಿಲಿಸೆಕೆಂಡ್‌ನಂತೆ 600 ಸಲ ಎಂದರೆ 0.3 ಸೆಕೆಂಡ್. 34ರಂತೆ 600 ಸಲ ಎಂದರೆ 20.4 ಸೆಕೆಂಡ್. ಹುಡುಗ ಹೇಳಿದ ಇಪ್ಪತ್ತು ಸೆಕೆಂಡ್ ಲೆಕ್ಕಕ್ಕೆ ಸಿಕ್ಕಿತು. ಗ್ರಾಹಕರು ಹೇಳುವ ಸಮಯವನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಬೇಡಿ. ಅದು ಯಾವುದರದ್ದೋ ಗುಣಾಕಾರ ಆಗಿರುತ್ತದೆ.

ಇನ್ನೊಂದು ಲೆಕ್ಕವೂ ಮಾಡಿದೆ. ಅಂಗಳದ ಸ್ವಿಚ್‌ನ ವಿವರಪಟ್ಟಿಯಲ್ಲಿ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) 512 ಕಿಲೋಬೈಟ್ ಎಂದಿತ್ತು. ಅದು ಸುಮಾರು 42 ಲಕ್ಷ ಬಿಟ್. ಗ್ರಾಫ್‌ನಲ್ಲಿ ಫೈಬರ್ ಮೇಲೆ ಹೋಗುತ್ತಿದ್ದದ್ದು ಸುಮಾರು 124 ಎಂಬಿಪಿಎಸ್. ಬಫರ್ ತುಂಬಿ ನಿಂತು ಅದೇ ವೇಗದಲ್ಲಿ ಖಾಲಿಯಾಗುತ್ತಿದ್ದರೆ ಕೊನೆಯಲ್ಲಿ ನಿಂತ ಪ್ಯಾಕೆಟ್ ಕಾಯಬೇಕಾದ್ದು 34 ಮಿಲಿಸೆಕೆಂಡ್. ಪಿಂಗ್ ಹೇಳಿದ್ದೂ ಅದನ್ನೇ. ಅಂದರೆ ಲಿಂಕ್ ಶೇ. 12 ಬಳಕೆಯಲ್ಲಿದೆ, ಆದರೂ ಅದರ ಮುಂದಿನ ಬಫರ್ ಕಂಠಮಟ್ಟ ತುಂಬಿದೆ. ರಸ್ತೆ ಖಾಲಿ, ಗೇಟಿನ ಒಳಗೆ ಸಾಲು. ಯಾರು ಗೇಟ್ ಹಾಕುತ್ತಿದ್ದಾರೆ?

ತಡೆಯುತ್ತಿದ್ದದ್ದು ಯಾರು

ಐದು ಗಂಟೆಗೆ ಏನು ಶುರುವಾಗುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಲ್ಯಾಬ್‌ನವರ ಬಳಿ ಹೋದಾಗ ತಿಳಿಯಿತು. ಅವರು ದಿನದ ಸ್ಯಾಂಪಲ್ ಫೋಟೊಗಳು, ತೇವಾಂಶದ ಲೆಕ್ಕ, ಎಷ್ಟು ಕಾಫಿಗೆ ಎಷ್ಟು ಬೀಜ ಬಂತೆಂಬ ಔಟ್‌ಟರ್ನ್ ಹಾಳೆಗಳು ಎಲ್ಲವನ್ನೂ ಐದಕ್ಕೆ ಆ ಹಳೆಯ ಬ್ಯಾಕಪ್ ಪೆಟ್ಟಿಗೆಗೆ ತಾನಾಗಿಯೇ ನಕಲಾಗುವಂತೆ ಇಟ್ಟಿದ್ದರು. ಕ್ಯಾಮೆರಾಗಳದ್ದು ಆರಕ್ಕೆ ತಲಾ 4ರಂತೆ 24 ಎಂಬಿಪಿಎಸ್. ಹಳೆಯ ಪೆಟ್ಟಿಗೆಯ 100. ಒಟ್ಟು 124.

ಈಗ ಅಂಗಳದ ಸ್ವಿಚ್‌ನಲ್ಲಿ ಫೈಬರ್ ಪೋರ್ಟ್‌ನ ಲೆಕ್ಕ ತೆಗೆದೆ. ಒಳಗೆ ಬಂದ ಪಾಝ್ ಫ್ರೇಮ್ ಎಂಬ ಅಂಕಿ ನೋಡುತ್ತಿದ್ದಂತೆಯೇ ನೂರು ನೂರಾಗಿ ಏರುತ್ತಿತ್ತು. ಲ್ಯಾಬ್‌ನ ನಕಲು ನಿಲ್ಲಿಸಿದೆ, ಲೆಕ್ಕ ನಿಂತಿತು, ಪಿಂಗ್ ಅರ್ಧ ಮಿಲಿಸೆಕೆಂಡ್‌ಗೆ ಇಳಿಯಿತು. ಮತ್ತೆ ಶುರು ಮಾಡಿದೆ, ಮತ್ತೆ ಏರಿತು. ಮೂರು ಸಲ ಹೀಗೆ ಮಾಡಿ ನೋಡಿದ ಮೇಲೇ ನಂಬಿದೆ. ನೀವೂ ಒಂದು ಸಲಕ್ಕೆ ನಂಬಬೇಡಿ.

ಪಾಝ್ ಫ್ರೇಮ್ ಎಂದರೆ "ಸ್ವಲ್ಪ ನಿಲ್ಲಿಸು" ಎಂದು ಒಂದು ಸ್ವಿಚ್ ಪಕ್ಕದವರಿಗೆ ಹೇಳುವ ಸಂದೇಶ. ಇದು 1997ರ 802.3 ಎಕ್ಸ್ ಎಂಬ ನಿಯಮದ್ದು. ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು 512 ಬಿಟ್ ಕಳಿಸಲು ಹಿಡಿಯುವ ಕಾಲದ ಅಳತೆಯಲ್ಲಿ ಬರೆದು ಕಳಿಸುತ್ತದೆ. ಅತಿ ಹೆಚ್ಚು 65,535 ಅಳತೆ. ಗಿಗಾಬಿಟ್ ಲಿಂಕ್‌ನಲ್ಲಿ ಅದು ಸುಮಾರು 33.5 ಮಿಲಿಸೆಕೆಂಡ್. ಜಾಗ ಆದ ಕೂಡಲೇ ಸೊನ್ನೆ ಅಳತೆಯ ಇನ್ನೊಂದು ಫ್ರೇಮ್ ಕಳಿಸಿ "ಈಗ ಬಿಡು" ಎನ್ನಬಹುದು. ಉದ್ದೇಶ ಒಳ್ಳೆಯದೇ, ಪ್ಯಾಕೆಟ್ ಬೀಳದಂತೆ ಕಾಯುವುದು. ತೊಂದರೆ ಎಲ್ಲಿ ಎಂದರೆ, ಈ "ನಿಲ್ಲಿಸು" ಎನ್ನುವುದು ಆ ತಂತಿಯ ಮೇಲೆ ಬರುವ ಎಲ್ಲರಿಗೂ ಸೇರಿ. ತುಂಬಿರುವುದು ಹಳೆಯ ಪೆಟ್ಟಿಗೆಯ ಪೋರ್ಟ್ ಒಂದೇ. ಸರ್ವರ್‌ನ ಪೋರ್ಟ್ ಬರಿದಾಗಿದೆ. ಆದರೂ ಸರ್ವರ್‌ಗೆ ಹೋಗಬೇಕಾದ ತೂಕದ ಚೀಟಿ ಅಂಗಳದಲ್ಲೇ ನಿಲ್ಲುತ್ತದೆ.

ಹೊಸ ಸ್ವಿಚ್ ಹಾಕಿದರೂ ಏಕೆ ಹೋಗಲಿಲ್ಲ ಎಂಬುದಕ್ಕೂ ಇದೇ ಉತ್ತರ. ಅದರಲ್ಲೂ ಫ್ಲೋ ಕಂಟ್ರೋಲ್, ಅಂದರೆ ಈ ಪಾಝ್ ಫ್ರೇಮ್ ಬಳಸುವ ಸೌಲಭ್ಯ, ಮೊದಲಿನಿಂದಲೇ ಆನ್ ಆಗಿತ್ತು.

ಇದೇ ದೋಷ ಅಂಗಳದಲ್ಲೂ ಇತ್ತು

ಮ್ಯಾನೇಜರ್‌ಗೆ ಇದನ್ನು ವಿವರಿಸಲು ಕಾಗದ ಬೇಕಾಗಲಿಲ್ಲ. ಕಿಟಕಿಯಿಂದ ಹೊರಗೆ ತೋರಿಸಿದೆ. ಚೆರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) ತುಂಬಿದ ಲಾರಿ ಮುಂದೆ ನಿಂತಿದೆ. ಚೆರಿ ಶೆಡ್‌ನಲ್ಲಿ ಹಮಾಲಿಗಳು ಇನ್ನೊಂದು ಗಾಡಿಯ ಮೂಟೆ ಇಳಿಸುತ್ತಿದ್ದಾರೆ. ಅದರ ಹಿಂದೆ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ತುಂಬಿದ ಪಿಕಪ್. ಪಾರ್ಚ್‌ಮೆಂಟ್ ಶೆಡ್‌ನ ಹಮಾಲಿಗಳು ಕೆಲಸವಿಲ್ಲದೆ ಚಹಾ ಕುಡಿಯುತ್ತಿದ್ದಾರೆ. ಪಿಕಪ್ ಹೋಗಬೇಕಾದ ಜಾಗ ಖಾಲಿ, ಮುಂದಿನ ಲಾರಿ ಸರಿಯದೆ ಅದು ಸರಿಯುವಂತಿಲ್ಲ. "ಹೌದಲ್ವಾ, ಇದು ನಮಗೆ ದಿನಾ ಇರೋದೇ" ಎಂದರು. ನೆಟ್‌ವರ್ಕ್‌ನವರು ಇದನ್ನು ಹೆಡ್ ಆಫ್ ಲೈನ್ ಬ್ಲಾಕಿಂಗ್ ಎನ್ನುತ್ತಾರೆ.

ಇದರಿಂದ ಎಷ್ಟು ನಷ್ಟ ಎಂದು ಲೆಕ್ಕ ಹಾಕಬಹುದು. ಎರಡು ಗೇಟ್, ಎರಡು ಶೆಡ್ ಇದೆ ಎಂದುಕೊಳ್ಳಿ. ಪ್ರತಿ ಗೇಟಿನಲ್ಲೂ ಒಂದೇ ಸಾಲು, ಯಾವ ಗಾಡಿ ಯಾವ ಶೆಡ್‌ಗೆ ಎಂಬುದು ಅರ್ಧಕ್ಕರ್ಧ. ಎರಡೂ ಸಾಲಿನ ಮುಂದಿನ ಗಾಡಿ ಬೇರೆ ಬೇರೆ ಶೆಡ್ ಕೇಳಿದರೆ ಎರಡೂ ಹೋಗುತ್ತವೆ. ಒಂದೇ ಶೆಡ್ ಕೇಳಿದರೆ ಒಂದು ಮಾತ್ರ. ಎರಡೂ ಸಮ ಸಮ ಸಲ ಆಗುತ್ತವೆ. ಆದ್ದರಿಂದ ಸರಾಸರಿ ಎರಡಕ್ಕೆ ಒಂದೂವರೆ, ಅಂದರೆ ಶೇ. 75. ಗೇಟು, ಶೆಡ್ ಜಾಸ್ತಿಯಾದಷ್ಟೂ ಇದು ಇಳಿಯುತ್ತಾ ಹೋಗುತ್ತದೆ. ಕರೋಲ್, ಹ್ಲುಚಿ, ಮಾರ್ಗನ್ ಎಂಬ ಮೂವರು 1987ರಲ್ಲಿ ಇದನ್ನು ಸ್ವಿಚ್‌ಗಳಿಗೆ ಲೆಕ್ಕ ಹಾಕಿ ಪ್ರಕಟಿಸಿದರು. ಪೋರ್ಟ್‌ಗಳು ತುಂಬಾ ಇದ್ದು, ಒಳಬರುವ ಪ್ರತಿ ಪೋರ್ಟ್‌ಗೆ ಒಂದೇ ಸಾಲಿದ್ದು, ಎಲ್ಲ ದಿಕ್ಕಿಗೂ ಸಮವಾಗಿ ಪ್ಯಾಕೆಟ್ ಹೋಗುತ್ತಿದ್ದರೆ ಸ್ವಿಚ್ ಶೇ. 58.6ಕ್ಕಿಂತ ಜಾಸ್ತಿ ಕೆಲಸ ಮಾಡಲಾರದು. ಎರಡರಿಂದ ಎರಡರ ವರ್ಗಮೂಲ ಕಳೆದರೆ ಬರುವ ಅಂಕಿ ಅದು.

ಸ್ವಿಚ್‌ನ ಒಳಗೆ ಇದನ್ನು ಹೇಗೆ ಬಿಡಿಸಿದ್ದಾರೆ

ದೋಷ ಹುಡುಕುವವರಿಗೆ ಇದು ಬೇಕಾ ಎಂದು ಕೇಳಬಹುದು. ಬೇಕು ಎಂದೇ ನನ್ನ ಅಭಿಪ್ರಾಯ. ಒಳಗೆ ಎಷ್ಟು ಜಾಣತನ ಇದೆ ಎಂದು ತಿಳಿದರೆ ಮಾತ್ರ ಹೊರಗಿನ ಒಂದು ಟಿಕ್ ಗುರುತು ಅದನ್ನೆಲ್ಲ ಹೇಗೆ ಹಾಳು ಮಾಡುತ್ತದೆ ಎಂಬುದು ಕಾಣುತ್ತದೆ.

ಮೊದಲ ಉಪಾಯ ಸುಲಭ. ಗೇಟಿನಲ್ಲೇ ಸಾಲು ಒಡೆಯುವುದು. ಚೆರಿಗೆ ಒಂದು ಸಾಲು, ಪಾರ್ಚ್‌ಮೆಂಟ್‌ಗೆ ಇನ್ನೊಂದು. ಸ್ವಿಚ್‌ನಲ್ಲಿ ಪ್ರತಿ ಒಳಪೋರ್ಟ್‌ನಲ್ಲೂ ಪ್ರತಿ ಹೊರಪೋರ್ಟ್‌ಗೆ ಬೇರೆ ಸಾಲು. 16 ಪೋರ್ಟ್ ಇದ್ದರೆ 256 ಸಾಲು. ಇದಕ್ಕೆ ವರ್ಚುವಲ್ ಔಟ್‌ಪುಟ್ ಕ್ಯೂ ಎನ್ನುತ್ತಾರೆ. ಈಗ ಯಾರೂ ಯಾರಿಗೂ ಅಡ್ಡ ನಿಲ್ಲುವುದಿಲ್ಲ. ಆದರೆ ಹೊಸ ಕೆಲಸ ಹುಟ್ಟಿತು. ಪ್ರತಿ ಸುತ್ತಿನಲ್ಲೂ ಯಾವ ಗೇಟಿನ ಗಾಡಿ ಯಾವ ಶೆಡ್‌ಗೆ ಎಂದು ಜೋಡಿ ಮಾಡಬೇಕು. ಒಂದು ಗೇಟಿನಿಂದ ಒಂದೇ, ಒಂದು ಶೆಡ್‌ಗೆ ಒಂದೇ. ಯಾವ ಸಾಲು ಉದ್ದವೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಅತ್ಯುತ್ತಮ ಜೋಡಿ ಹುಡುಕಿದರೆ ಶೇ. 100 ಕೆಲಸ ತೆಗೆಯಬಹುದು ಎಂಬುದು 1990ರ ದಶಕದಲ್ಲೇ ಸಾಬೀತಾಗಿದೆ. ಆದರೆ ಆ ಲೆಕ್ಕ ಭಾರಿ. ಗಿಗಾಬಿಟ್ ಪೋರ್ಟ್‌ಗೆ ಚಿಕ್ಕ ಪ್ಯಾಕೆಟ್‌ಗಳು 672 ನ್ಯಾನೊಸೆಕೆಂಡ್‌ಗೆ ಒಂದರಂತೆ ಬರಬಹುದು. ಅಷ್ಟರೊಳಗೆ ಜೋಡಿ ಮುಗಿಯಬೇಕು.

ಅದಕ್ಕೇ ಸರಳ ದಾರಿಗಳು ಬಂದವು. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಕ್ ಮೆಕಿಯೋನ್ ಅವರ ಐಸ್ಲಿಪ್. 1999ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಮೂರೇ ಹೆಜ್ಜೆ. ಗೇಟುಗಳು "ನನ್ನಲ್ಲಿ ನಿಮಗೆ ಗಾಡಿ ಇದೆ" ಎಂದು ಶೆಡ್‌ಗಳಿಗೆ ಹೇಳುತ್ತವೆ. ಪ್ರತಿ ಶೆಡ್, ಗಡಿಯಾರದ ಮುಳ್ಳಿನಂತೆ ತಿರುಗುವ ತನ್ನ ಸರದಿಯ ಮುಳ್ಳು ತೋರಿಸುವ ಗೇಟಿಗೆ "ಬಾ" ಎನ್ನುತ್ತದೆ. ಎರಡು ಶೆಡ್‌ಗಳಿಂದ ಕರೆ ಬಂದ ಗೇಟ್ ತನ್ನ ಮುಳ್ಳು ನೋಡಿ ಒಂದನ್ನು ಒಪ್ಪುತ್ತದೆ. ಇದರ ಜೀವಾಳ ಒಂದು ಚಿಕ್ಕ ನಿಯಮದಲ್ಲಿದೆ. ಶೆಡ್ ಕರೆದದ್ದನ್ನು ಗೇಟ್ ಒಪ್ಪಿದರೆ ಮಾತ್ರ ಶೆಡ್‌ನ ಮುಳ್ಳು ಮುಂದಕ್ಕೆ ಹೋಗಬೇಕು.

ಅದರಿಂದ ಏನಾಗುತ್ತದೆ ನೋಡಿ. ಎರಡೂ ಗೇಟಿನಲ್ಲಿ ಎರಡೂ ಬಗೆಯ ಗಾಡಿಗಳು ನಿಂತಿವೆ. ಎರಡೂ ಶೆಡ್‌ನ ಮುಳ್ಳು ಒಂದನೇ ಗೇಟನ್ನೇ ತೋರಿಸುತ್ತಿದೆ. ಮೊದಲ ಸುತ್ತಿನಲ್ಲಿ ಎರಡೂ ಶೆಡ್ ಒಂದನೇ ಗೇಟನ್ನೇ ಕರೆಯುತ್ತವೆ. ಅದು ಚೆರಿ ಶೆಡ್ ಒಪ್ಪಿತು. ಒಂದೇ ಗಾಡಿ ಹೋಯಿತು. ಈಗ ಚೆರಿ ಶೆಡ್‌ನ ಮುಳ್ಳು ಎರಡನೇ ಗೇಟಿಗೆ ಸರಿಯಿತು. ಪಾರ್ಚ್‌ಮೆಂಟ್ ಶೆಡ್‌ನ ಕರೆ ಒಪ್ಪಿಗೆಯಾಗಲಿಲ್ಲ, ಅದರ ಮುಳ್ಳು ಒಂದರಲ್ಲೇ ಉಳಿಯಿತು. ಎರಡನೇ ಸುತ್ತಿನಲ್ಲಿ ಚೆರಿ ಶೆಡ್ ಎರಡನೇ ಗೇಟನ್ನು ಕರೆಯುತ್ತದೆ, ಪಾರ್ಚ್‌ಮೆಂಟ್ ಶೆಡ್ ಒಂದನೇ ಗೇಟನ್ನು. ಎರಡೂ ಹೋದವು. ಮೂರನೆಯದರಲ್ಲಿ ಅದಲುಬದಲು, ಮತ್ತೆ ಎರಡೂ ಹೋದವು. ಇನ್ನು ಮುಂದೆ ಎಂದೂ ಜಗಳವಿಲ್ಲ. ಆ ನಿಯಮ ಇಲ್ಲದೆ ಮುಳ್ಳುಗಳನ್ನು ಸುಮ್ನೆ ಮುಂದೆ ತಿರುಗಿಸಿದ್ದರೆ? ಎರಡೂ ಜೊತೆಯಲ್ಲೇ ತಿರುಗುತ್ತಿದ್ದವು, ಎರಡೂ ಯಾವಾಗಲೂ ಒಂದೇ ಗೇಟನ್ನು ಕರೆಯುತ್ತಿದ್ದವು, ಕೊನೆಯವರೆಗೂ ಅರ್ಧ ಕೆಲಸ. ಯಾರೂ ಯಾರಿಗೂ ಹೇಳದೆ, ಮುಳ್ಳುಗಳು ತಾವಾಗಿಯೇ ಬೇರೆ ಬೇರೆಯಾಗುತ್ತವೆ. ಇದನ್ನು ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದ ದಿನ ನನಗಾದ ಸಂತೋಷ ಇವತ್ತಿಗೂ ನೆನಪಿದೆ.

ದೊಡ್ಡ ರೂಟರ್‌ಗಳಲ್ಲಿ ಈ ಬಗೆಯ ಸರದಿ ಬಂತು. ನಮ್ಮ ಆಫೀಸಿನ ಚಿಕ್ಕ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಪೋರ್ಟ್‌ಗೂ ಸೇರಿ ಒಂದೇ ಮೆಮೊರಿ ಇರುತ್ತದೆ, ಹೊರಪೋರ್ಟ್‌ಗೆ ತಕ್ಕಂತೆ ಸಾಲು ಬೇರೆ ಇರುತ್ತದೆ. ಹಾಗಾಗಿ ಒಳಗೆ ಅಡ್ಡ ನಿಲ್ಲುವ ಪ್ರಶ್ನೆಯೇ ಇಲ್ಲ. ಆದರೆ ಪಾಝ್ ಫ್ರೇಮ್ ಆ ಬೇರೆ ಬೇರೆ ಸಾಲುಗಳನ್ನೆಲ್ಲ ಹಿಂದಿನ ಸ್ವಿಚ್‌ಗೆ ತಳ್ಳಿ, ಅಲ್ಲಿ ಫೈಬರ್‌ನ ಮುಂದೆ ಒಂದೇ ಸಾಲಾಗಿ ಕಟ್ಟುತ್ತದೆ. ಒಳಗೆ ಬಿಡಿಸಿದ ಗಂಟನ್ನು ಹೊರಗೆ ಮತ್ತೆ ಕಟ್ಟಿದಂತೆ.

ಸರಿಪಡಿಸಿದ್ದು

ಎರಡೂ ಸ್ವಿಚ್‌ಗಳಲ್ಲಿ ಫೈಬರ್ ಪೋರ್ಟ್‌ನ ಫ್ಲೋ ಕಂಟ್ರೋಲ್ ಆಫ್ ಮಾಡಿದೆ. ಒಂದು ಕಡೆ ಮಾತ್ರ ಮಾಡಿ ಬಿಟ್ಟರೆ ಮುಂದೆ ನೋಡುವವರಿಗೆ ಗೊಂದಲ. ಲ್ಯಾಬ್‌ನ ನಕಲು ಮತ್ತೆ ಶುರು ಮಾಡಿದೆ. ವೇ ಬ್ರಿಡ್ಜ್‌ನ ಪಿಂಗ್ ಅರ್ಧ ಮಿಲಿಸೆಕೆಂಡ್‌ನಿಂದ ಕದಲಲಿಲ್ಲ. ಹಳೆಯ ಪೆಟ್ಟಿಗೆಯ ಪೋರ್ಟ್‌ನಲ್ಲಿ ಈಗ ಪ್ಯಾಕೆಟ್ ಬೀಳುವ ಲೆಕ್ಕ ಏರತೊಡಗಿತು. ಅದನ್ನು ನೋಡಿ ಮ್ಯಾನೇಜರ್‌ಗೆ ಗಾಬರಿ. ಅದು ಬೀಳಲೇಬೇಕು, ಸರ್, ಎಂದೆ. ಪ್ಯಾಕೆಟ್ ಬಿದ್ದದ್ದು ತಿಳಿದರೇ ಕಳಿಸುವ ಕಂಪ್ಯೂಟರ್‌ನ ಟಿಸಿಪಿ (ದತ್ತಾಂಶ ಕಳಿಸುವುದನ್ನು ನೋಡಿಕೊಳ್ಳುವ ಭಾಗ) ತನ್ನ ವೇಗ ಇಳಿಸುವುದು. ಬಿದ್ದದ್ದನ್ನು ಮತ್ತೆ ಕಳಿಸುತ್ತದೆ, ಫೋಟೊ ಒಂದೂ ಕಳೆಯುವುದಿಲ್ಲ. ನಕಲು ಮುಗಿಯಲು ಹಿಡಿದ ಹೊತ್ತಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಹಳೆಯ ಪೆಟ್ಟಿಗೆ ನುಂಗುವುದೇ 100 ಎಂಬಿಪಿಎಸ್ ಅಲ್ವಾ.

ನಕಲನ್ನು ರಾತ್ರಿ ಹನ್ನೊಂದಕ್ಕೆ ಹಾಕಿದರೆ ಸಾಕಿತ್ತಲ್ಲ ಎಂದು ಲ್ಯಾಬ್‌ನವರು ಕೇಳಿದರು. ಅದರಿಂದ ದೋಷ ಹೋಗುವುದಿಲ್ಲ, ಹೊತ್ತು ಬದಲಾಗುತ್ತದೆ ಅಷ್ಟೇ. ಸುಗ್ಗಿಯಲ್ಲಿ ರಾತ್ರಿಯೂ ಗಾಡಿ ಬರುತ್ತವೆ.

ಒಂದು ಎಚ್ಚರಿಕೆ. ಫ್ಲೋ ಕಂಟ್ರೋಲ್ ಎಲ್ಲ ಕಡೆಯೂ ಕೆಟ್ಟದ್ದಲ್ಲ. ಸ್ಟೋರೇಜ್‌ಗೆಂದೇ ಬೇರೆ ಸ್ವಿಚ್ ಇಟ್ಟ ಕಡೆ ಬೇಕೆಂದೇ ಆನ್ ಮಾಡಿರುತ್ತಾರೆ. ಕೇಳದೆ ಮುಟ್ಟಬೇಡಿ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ, ಹತ್ತು ಜನ ಹಂಚಿಕೊಳ್ಳುವ ಲಿಂಕ್ ಮೇಲೆ ಮಾತ್ರ ಅದು ಬೇಡ ಎನ್ನುವುದು ನನ್ನ ಮಾತು.

ಅದೇ ಕಡೆ, ಗೋಡೌನ್‌ನ ದೋಷ

ಹೊರಡುವಾಗ ಇನ್ನೊಂದು ಹೇಳಿದರು. ಎದುರಿನ ದಿಬ್ಬದ ಮೇಲೆ ಅವರ ಗೋಡೌನ್. ಅಲ್ಲಿಗೆ ತಂತಿ ಇಲ್ಲ, ವೈರ್‌ಲೆಸ್ ಬ್ರಿಡ್ಜ್, ಅಂದರೆ ಎರಡೂ ಕಡೆ ಒಂದೊಂದು ರೇಡಿಯೊ. ಅಲ್ಲಿ 12 ಕ್ಯಾಮೆರಾ, ಸ್ಟಾಕ್ ಬರೆಯುವ ಒಂದು ಕಂಪ್ಯೂಟರ್, ಒಂದು ಫೋನ್. ಸ್ಟಾಕ್ ಕಂಪ್ಯೂಟರ್ ದಿನವಿಡೀ ನಿಧಾನ. ಯಾರೋ ಕ್ಯಾಮೆರಾಗಳಿಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ ಕೊಟ್ಟಿದ್ದರು. ಅದನ್ನು ತೆಗೆದು ಸ್ಟಾಕ್ ಕಂಪ್ಯೂಟರ್‌ಗೆ ಮೇಲಿನದು ಕೊಟ್ಟು ನೋಡಿದ್ದರಂತೆ. ಏನೂ ಬದಲಾಗಲಿಲ್ಲವಂತೆ. ಮತ್ತೆ ಮೊದಲಿನಂತೇ ಇಟ್ಟಿದ್ದರು.

ಏಕೆ ಬದಲಾಗಲಿಲ್ಲ ಎಂಬುದೇ ಇಲ್ಲಿನ ಸುಳಿವು. ಗೋಡೌನ್‌ನ ಸ್ವಿಚ್‌ನಿಂದ ರೇಡಿಯೊಗೆ ಹೋಗುವ ತಂತಿ ಗಿಗಾಬಿಟ್. ರೇಡಿಯೊ ಅಳೆದಾಗ ನಿಜವಾಗಿ ದಾಟಿಸುತ್ತಿದ್ದದ್ದು 50 ಎಂಬಿಪಿಎಸ್. ಸ್ವಿಚ್‌ನ ಕಡೆಯಿಂದ ನೋಡಿದರೆ ರಸ್ತೆ ಅಗಲ, ಯಾರೂ ಕಾಯುವುದೇ ಇಲ್ಲ. ಸಾಲು ನಿಂತಿರುವುದು ರೇಡಿಯೊದ ಒಳಗೆ. ಸಾಲೇ ಇಲ್ಲದ ಕಡೆ ಸರದಿ ಬರೆದರೆ ಯಾರಿಗೆ ಉಪಯೋಗ? ಸ್ವಿಚ್‌ನಲ್ಲಿ ಆದ್ಯತೆ ಬದಲಿಸಿದರೂ ಏನೂ ಆಗದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಸಾಲು ಇಲ್ಲಿದೆಯಾ, ಮುಂದಿದೆಯಾ?

ಸಾಲನ್ನು ನಮ್ಮ ಕೈಗೆ ತರಲು ಸ್ವಿಚ್‌ನ ಆ ಪೋರ್ಟ್‌ಗೆ 45 ಎಂಬಿಪಿಎಸ್ ಮಿತಿ ಹಾಕಿದೆ. ರೇಡಿಯೊದ 50ಕ್ಕಿಂತ ಸ್ವಲ್ಪ ಕಡಿಮೆ. ಹಾಕಿದ ತಕ್ಷಣ ಸ್ಟಾಕ್ ಕಂಪ್ಯೂಟರ್ ಪೂರ್ತಿ ನಿಂತುಹೋಯಿತು. ಅಲ್ಲಿದ್ದ ರೈಟರು ಬೆಚ್ಚಿಬಿದ್ದರು. ಆದರೆ ಅದು ಒಳ್ಳೆಯ ಸುದ್ದಿ. ಆದ್ಯತೆಯ ನಿಯಮ ಈಗ ನಿಜವಾಗಿ ಕೆಲಸ ಮಾಡುತ್ತಿದೆ ಎಂದರ್ಥ. 12 ಕ್ಯಾಮೆರಾ, ತಲಾ 4ರಂತೆ 48 ಎಂಬಿಪಿಎಸ್. ದಾರಿ 45ರದ್ದು. ಕಟ್ಟುನಿಟ್ಟಿನ ಆದ್ಯತೆ ಎಂದರೆ ಮೇಲಿನವರ ಸಾಲು ಖಾಲಿಯಾಗುವವರೆಗೆ ಕೆಳಗಿನವರಿಗೆ ಒಂದು ಪ್ಯಾಕೆಟ್ಟೂ ಇಲ್ಲ. ಇವರ ಸಾಲು ಖಾಲಿಯಾಗುವುದೇ ಇಲ್ಲ.

ಕಟ್ಟುನಿಟ್ಟಿನ ಆದ್ಯತೆ ಫೋನಿಗೆ ಮಾತ್ರ ಸರಿ. ಜಿ.711 ಎಂಬ ಧ್ವನಿ ವಿಧಾನದ ಮಾಮೂಲಿ ಕರೆಗೆ ಒಂದು ದಿಕ್ಕಿನಲ್ಲಿ ಬೇಕಾಗುವುದು ಸೆಕೆಂಡಿಗೆ ಸುಮಾರು 87 ಕಿಲೋಬಿಟ್. ಅದು ಯಾರನ್ನೂ ಹಸಿವಿನಲ್ಲಿ ಕೆಡವುವುದಿಲ್ಲ. ಉಳಿದವರಿಗೆ ಹಂಚಿಕೊಂಡು ತಿನ್ನುವ ಸರದಿ ಬೇಕು. ಪ್ಯಾಕೆಟ್ ಎಣಿಸಿ ಒಂದೊಂದೇ ಬಿಡುವ ಸರದಿ ಮೋಸ ಮಾಡುತ್ತದೆ. 1500 ಬೈಟ್‌ನ ಪ್ಯಾಕೆಟ್ ಕಳಿಸುವವರಿಗೆ 64 ಬೈಟ್‌ನವರಿಗಿಂತ 23 ಪಟ್ಟು ಜಾಗ ಸಿಗುತ್ತದೆ. ಇದನ್ನು ಸರಿಮಾಡಿದ್ದು ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ 1995ರಲ್ಲಿ ಕೊಟ್ಟ ಡೆಫಿಸಿಟ್ ರೌಂಡ್ ರಾಬಿನ್. ಸ್ವಿಚ್‌ನ ಪುಟದಲ್ಲಿ ಡಿಆರ್‌ಆರ್ ಅಥವಾ ಡಿಡಬ್ಲ್ಯೂಆರ್‌ಆರ್ ಎಂದಿರುತ್ತದೆ.

ಅದು ಅಂಗಡಿಯ ಬಾಕಿ ಪುಸ್ತಕದಂತೆ. ಪ್ರತಿ ಸುತ್ತಿನಲ್ಲೂ ಸಾಲಿಗೆ ಇಷ್ಟು ಬೈಟ್ ಎಂದು ಜಮಾ. ಸ್ಟಾಕ್ ಕಂಪ್ಯೂಟರ್‌ಗೆ 1500 ಜಮಾ ಆಯಿತು ಎನ್ನಿ. ಸಾಲಿನಲ್ಲಿ 1000 ಬೈಟ್‌ನ ಒಂದು, 800ರ ಒಂದು. 1000 ಹೋಯಿತು, 500 ಉಳಿಯಿತು. 800 ಅದಕ್ಕೆ ಹಿಡಿಸುವುದಿಲ್ಲ, ನಿಂತಿತು. ಆದರೆ ಆ 500 ಪುಸ್ತಕದಲ್ಲಿ ಉಳಿಯುತ್ತದೆ. ಮುಂದಿನ ಸುತ್ತಿಗೆ 2000 ಆಯಿತು, 800 ಹೋಯಿತು. ಸಾಲು ಖಾಲಿಯಾದರೆ ಉಳಿದ ಜಮಾ ಅಳಿಸಿಹೋಗುತ್ತದೆ. ಇಲ್ಲದಿದ್ದರೆ ಸುಮ್ನೆ ಕುಳಿತವರು ಬಾಕಿ ಕೂಡಿಟ್ಟು ಒಮ್ಮೆಲೇ ನುಗ್ಗುತ್ತಾರೆ. ಜಮಾದ ಮೊತ್ತ ಅತಿ ದೊಡ್ಡ ಪ್ಯಾಕೆಟ್‌ಗಿಂತ ಕಡಿಮೆ ಇಡಬೇಡಿ, ಸರದಿ ಸುಮ್ನೆ ಸುತ್ತುತ್ತಾ ಹೊತ್ತು ಕಳೆಯುತ್ತದೆ.

ಫೋನಿಗೆ ಕಟ್ಟುನಿಟ್ಟಿನ ಆದ್ಯತೆ, ಕ್ಯಾಮೆರಾಗೆ ನಾಲ್ಕು ಪಾಲು, ಸ್ಟಾಕ್ ಕಂಪ್ಯೂಟರ್‌ಗೆ ಒಂದು ಪಾಲು ಕೊಟ್ಟೆ. ಸ್ಟಾಕ್ ಪುಟ ತಕ್ಷಣ ತೆರೆಯಿತು. ಕ್ಯಾಮೆರಾ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು, 48ನ್ನು 45ರಲ್ಲಿ ಯಾವ ಸರದಿಯೂ ತುರುಕಲಾರದು. ಕ್ಯಾಮೆರಾಗಳನ್ನು ತಲಾ 3 ಎಂಬಿಪಿಎಸ್‌ಗೆ ಇಳಿಸಿದೆ. ಒಟ್ಟು 36. ಮೂಟೆಯ ಮೇಲಿನ ಗುರುತು ಆಗಲೂ ಓದಲು ಬರುತ್ತದೆಯೇ ಎಂದು ರೈಟರನ್ನೇ ಕೂರಿಸಿ ನೋಡಿಸಿದೆ. ಬರುತ್ತದೆ ಎಂದರು.

ಆಮೇಲೆ ಗೋಡೌನ್‌ನ ರ‍್ಯಾಕ್ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿ ಬಂದೆ: "ರೇಡಿಯೊ ಪೋರ್ಟ್‌ಗೆ ಮಿತಿ 45 ಇದೆ. ಬ್ರಿಡ್ಜ್ ಬದಲಿಸಿದರೆ, ಅಥವಾ ನಡುವಿನ ಸಿಲ್ವರ್ ಓಕ್ ಬೆಳೆದು ವೇಗ ಇಳಿದರೆ, ಮೊದಲು ಅಳೆಯಿರಿ, ಆಮೇಲೆ ಈ ಅಂಕಿ ಬದಲಿಸಿ."